ತಾಮ್ರ ಹಳೆಯದು, ಮುಚ್ಚಳ ಹೊಸದು

ಮೇ ತಿಂಗಳಲ್ಲಿ ಕಮತಗಿ, ಅಮೀನಗಡ, ಇಳಕಲ್ಲ ಕಡೆಯ ಮಧ್ಯಾಹ್ನ 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ತಗಡಿನ ಛಾವಣಿಯ ಅಂಗಡಿಯಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಕಂಪ್ಯೂಟರಿನ ಫ್ಯಾನು ಎಷ್ಟು ಜೋರಾಗಿ ತಿರುಗಿದರೂ ಎಳೆದುಕೊಳ್ಳುವುದು ಆ ಬಿಸಿಗಾಳಿಯನ್ನೇ. ಇಂಟೆಲ್‌ನ ಕೋರ್ ಐ9-14900ಕೆ ಪ್ರೊಸೆಸರ್ ಪೂರ್ತಿ ದುಡಿಯುವಾಗ 253 ವಾಟ್‌ವರೆಗೆ ಎಳೆಯಬಹುದೆಂದು ಕಂಪನಿಯೇ ಹೇಳುತ್ತದೆ. ಅಷ್ಟೂ ಶಾಖ ಹುಟ್ಟುವುದು ಕೆಲವೇ ಚದರ ಸೆಂಟಿಮೀಟರಿನ ಸಿಲಿಕಾನ್ ಚೂರಿನಲ್ಲಿ. ಗಾಳಿಯ ಕೈಲಾಗದ ಈ ಕೆಲಸವನ್ನು ನೀರಿಗೆ ವಹಿಸುವವರಿದ್ದಾರೆ.

ವ್ಯವಸ್ಥೆ ಸರಳ. ಪ್ರೊಸೆಸರ್ ಮೇಲೆ ಒಂದು ತಾಮ್ರದ ಬಿಲ್ಲೆ. ಅದರ ಮೇಲ್ಮುಖದಲ್ಲಿ ಅರ್ಧ ಮಿಲಿಮೀಟರಿಗಿಂತ ಸಣ್ಣ ಸೀಳುಗಳು, ಸೀಳುಗಳ ನಡುವೆ ಹರಿಯುವ ನೀರು. ಒಂದು ಪಂಪು, ಎರಡು ಮೂರು ಮೊಳ ಪೈಪು, ಫ್ಯಾನು ಕೂರಿಸಿದ ಒಂದು ರೇಡಿಯೇಟರ್. ನಿಮಿಷಕ್ಕೆ ಒಂದು ಲೀಟರ್ ಹರಿಯುವ ನೀರು ಒಂದು ಡಿಗ್ರಿ ಬಿಸಿಯಾಗುವಷ್ಟರಲ್ಲಿ ಸುಮಾರು 70 ವಾಟ್ ಶಾಖ ಹೊತ್ತೊಯ್ಯುತ್ತದೆ. ನಿಮಿಷಕ್ಕೆ ನಾಲ್ಕು ಲೀಟರ್ ಹರಿಸಿದರೆ 250 ವಾಟ್ ಹೊತ್ತರೂ ಅದರ ಬಿಸಿ ಒಂದು ಡಿಗ್ರಿಯೂ ಏರದು. ಹಾಗೆಂದು ನೀರು ಪವಾಡ ಮಾಡುವುದಿಲ್ಲ. ಕೊನೆಗೆ ರೇಡಿಯೇಟರ್ ಶಾಖ ಬಿಡುವುದು ಅದೇ ಕೋಣೆಯ ಗಾಳಿಗೆ, ಕೋಣೆಗಿಂತ ತಣ್ಣಗಾಗುವ ಮಾತೇ ಇಲ್ಲ. ಅಂಗೈಯಗಲದ ಫ್ಯಾನಿನ ಬದಲು ದೊಡ್ಡ ರೇಡಿಯೇಟರ್ ಸಿಗುತ್ತದೆ, ಲಾಭವೆಲ್ಲ ಅದರಲ್ಲಿದೆ.

ಈ ಲೇಖನ ತಾಮ್ರದ ಬಗ್ಗೆಯಲ್ಲ, ಅದರ ಮೇಲಿನ ಮುಚ್ಚಳದ ಬಗ್ಗೆ. ಬಳಸುವವರು ಅದನ್ನು 'ಟಾಪ್' ಎನ್ನುತ್ತಾರೆ. ನೀರು ಒಳಬರುವ, ಹೊರಹೋಗುವ ತೂತುಗಳು ಅದರಲ್ಲಿವೆ; ತಾಮ್ರ, ಮುಚ್ಚಳ ಸೇರಿದ ಜೋಡಣೆಗೆ 'ಬ್ಲಾಕ್' ಎಂದು ಹೆಸರು, ಅನೇಕ ಬ್ಲಾಕ್‌ಗಳಲ್ಲಿ ಮುಚ್ಚಳ ಅಕ್ರಿಲಿಕ್‌ನದು. ತಾಮ್ರ ಹತ್ತಾರು ವರ್ಷ ಬಾಳುತ್ತದೆ, ಉಜ್ಜಿ ತೊಳೆದರೆ ಮತ್ತೆ ಹೊಸದು. ಮುಚ್ಚಳ ಹಾಗಲ್ಲ. ಫಿಟಿಂಗ್ ತುಸು ಜಾಸ್ತಿ ಬಿಗಿದರೆ ತೂತಿನಿಂದ ಅಂಚಿಗೆ ಕೂದಲೆಳೆಯಂಥ ಬಿರುಕು ಓಡುತ್ತದೆ. ಸ್ಪಿರಿಟ್‌ನಿಂದ ಒರೆಸಿದರಂತೂ ಮೈತುಂಬ ಬಿರುಕಿನ ಬಲೆ. ಅಷ್ಟರಲ್ಲಿ ಕಂಪನಿ ಆ ಮಾದರಿಯನ್ನೇ ನಿಲ್ಲಿಸಿರುತ್ತದೆ. ಇನ್ನೊಂದು ಕಾಟ ಪ್ರೊಸೆಸರ್ ಕೂರುವ ಸಾಕೆಟ್‌ನದು. ಇಂಟೆಲ್‌ನ ಎಲ್‌ಜಿಎ 1200ರಲ್ಲಿ ಸ್ಕ್ರೂ ತೂತುಗಳ ನಡುವಿನ ಅಂತರ 75 ಮಿ.ಮೀ. ಇತ್ತು, ಎಲ್‌ಜಿಎ 1700ರಲ್ಲಿ 78 ಆಯಿತು. ಎಎಂಡಿಯ ಎಎಂ4ರಲ್ಲಿ ಅದು ಚೌಕವೂ ಅಲ್ಲ, 54ಕ್ಕೆ 90. ಸ್ಕ್ರೂ ತೂತು ಮುಚ್ಚಳದಲ್ಲೇ ಇರುವ ಬ್ಲಾಕ್ ಆದರೆ ಮೂರು ಮಿಲಿಮೀಟರಿನ ವ್ಯತ್ಯಾಸಕ್ಕೆ ಗಟ್ಟಿಮುಟ್ಟಾದ ತಾಮ್ರವೂ ಗುಜರಿಗೆ. ಹಣಿಗೆ ಸವೆಯಿತೆಂದು ಕಮತಗಿಯ ನೇಕಾರ ಮಗ್ಗವನ್ನೇ ಕಿತ್ತೆಸೆಯುವುದಿಲ್ಲ. ಈ ಮುಚ್ಚಳ ಮಾಡುವವರ ಲೆಕ್ಕವೂ ಅದೇ.

ಕಂಪ್ಯೂಟರನ್ನು ನೀರಿನಿಂದ ತಣ್ಣಗಿಡುವ ಹವ್ಯಾಸ ಹುಟ್ಟಿದ್ದೇ ಹೀಗೆ ಕೈಯಾರೆ ಮಾಡಿಕೊಳ್ಳುವುದರಿಂದ. ದೊಡ್ಡ ಯಂತ್ರಗಳಿಗೆ ನೀರು ಹೊಸದಲ್ಲ, ಐಬಿಎಂ 1980ರಲ್ಲಿ ಪ್ರಕಟಿಸಿದ 3081 ಯಂತ್ರದ ಚಿಪ್‌ಗಳು ತಣ್ಣಗಾಗುತ್ತಿದ್ದುದು ನೀರಿನಿಂದಲೇ. ಮನೆಯ ಕಂಪ್ಯೂಟರಿಗೆ ಅದು ಬಂದದ್ದು 1990ರ ದಶಕದ ಕೊನೆಗೆ. ಅಂಗಡಿಯಲ್ಲಿ ಏನೂ ಸಿಗದ ಕಾಲ. ಕಾರಿನ ಹೀಟರಿನೊಳಗಿನ ಕೋರ್ ರೇಡಿಯೇಟರ್ ಆಯಿತು, ಮೀನಿನ ತೊಟ್ಟಿಯ ಪಂಪು ಪಂಪಾಯಿತು, ತಾಮ್ರದ ತುಂಡು ಕೊರೆದು ಮೇಲೊಂದು ಅಕ್ರಿಲಿಕ್ ಹಲಗೆ ಬಿಗಿದರು. ಮುಂದೆ ಕಂಪನಿಗಳು ಬಂದವು. ಆದರೂ ಜರ್ಮನಿಯ ಲೈಂಗ್ ಕಂಪನಿಯ ಪುಟ್ಟ ಡಿಡಿಸಿ ಪಂಪಿನ ಮೂಲ ಮುಚ್ಚಳ ತೆಗೆದು, ತಾವೇ ಕೊರೆದ ಟಾಪ್ ಕೂರಿಸಿ, ಹರಿವು ಹೆಚ್ಚಿಸಿಕೊಂಡವರು ಬಹಳ ಮಂದಿ.

ಈಗ ಕೆಲಸಕ್ಕೆ ಬರೋಣ. ಮೊದಲು ಅಳತೆ. ಹಳೆಯ ಮುಚ್ಚಳ ಬಿಚ್ಚಿ, ಝೆರಾಕ್ಸ್ ಅಂಗಡಿಯ ಸ್ಕ್ಯಾನರ್ ಗಾಜಿನ ಮೇಲೆ ಬೋರಲು ಹಾಕಿ, ಪಕ್ಕಕ್ಕೊಂದು ಸ್ಟೀಲ್ ಸ್ಕೇಲ್ ಇಟ್ಟು ಸ್ಕ್ಯಾನ್ ಮಾಡುವುದು. ಆಕಾರ ಪರದೆಗೆ ಬಂತು. ತೂತಿನಿಂದ ತೂತಿಗೆ ಎಷ್ಟು, ರಬ್ಬರ್ ಓ-ರಿಂಗ್ ಕೂರುವ ತೋಡು, ಅಂದರೆ ಗಾಡಿ, ಎಷ್ಟು ಆಳ ಎಂಬುದನ್ನು ಮಾತ್ರ ವರ್ನಿಯರ್‌ನಿಂದಲೇ ಹಿಡಿಯಬೇಕು; ಚಿತ್ರವನ್ನು ನಂಬಿ ಕೊರೆದವರ ಮುಚ್ಚಳ ಕೂರುವುದಿಲ್ಲ.

ಇಡೀ ಕೆಲಸದ ಜೀವ ಓ-ರಿಂಗ್ ಕೂರುವ ಆ ಗಾಡಿ. 2 ಮಿ.ಮೀ. ದಪ್ಪದ ರಿಂಗ್ ಆದರೆ ಆಳ ಒಂದೂವರೆ ಮಿ.ಮೀ. ಮುಚ್ಚಳ ಬಿಗಿದಾಗ ರಿಂಗ್ ಕಾಲು ಭಾಗ ಅದುಮಿಕೊಂಡು ನೀರನ್ನು ತಡೆಯುತ್ತದೆ. ಅಗಲ ಮಾತ್ರ 2 ಸಾಲದು, 2.6 ಬೇಕು. ರಬ್ಬರ್ ಕುಗ್ಗುವ ವಸ್ತುವಲ್ಲ, ಮೇಲಿಂದ ಒತ್ತಿದರೆ ಪಕ್ಕಕ್ಕೆ ಹರಡುತ್ತದೆ. ಹರಡಲು ಜಾಗ ಕೊಡದಿದ್ದರೆ ಮುಚ್ಚಳವನ್ನೇ ಎತ್ತುತ್ತದೆ. ಗಾಡಿಯ ತಳಕ್ಕೆ ಉಗುರು ಆಡಿಸಿ ನೋಡಬೇಕು. ಕೊರೆಯುವ ಯಂತ್ರದ ಕಟರ್ ಓಡಿದ ದಾರಿಗುಂಟ ಗೆರೆಯಿದ್ದರೆ ನಡೆಯುತ್ತದೆ. ಅಡ್ಡಗೆರೆ ಒಂದಿದ್ದರೂ ಅದರಲ್ಲೇ ನೀರು ಜಿನುಗುತ್ತದೆ.

ಅಕ್ರಿಲಿಕ್ ಹಠಮಾರಿ. 100 ಡಿಗ್ರಿಯ ಹೊತ್ತಿಗೆ ಮೆತ್ತಗಾಗುವ ವಸ್ತು, ಕಟರ್ ಮೊಂಡಾಗಿದ್ದರೆ ಕತ್ತರಿಸಿಕೊಳ್ಳುವ ಬದಲು ಕರಗಿ ಅದಕ್ಕೇ ಅಂಟುತ್ತದೆ. ಅದಕ್ಕೇ ಒಂದೇ ಹಲ್ಲಿನ ಹರಿತ ಕಟರ್, ಪುಡಿ ಹಾರಿಸಲು ಕಂಪ್ರೆಸರ್ ಗಾಳಿ. ಹಲಗೆಯಲ್ಲೂ ಎರಡು ಜಾತಿ, ಅಚ್ಚಿನಲ್ಲಿ ಎರೆದದ್ದು ಮತ್ತು ಯಂತ್ರದಿಂದ ಒತ್ತಿ ಎಳೆದದ್ದು. ಬೆಲೆ ಕಡಿಮೆಯೆಂದು ಎರಡನೆಯದನ್ನು ತಂದರೆ ಕರಗುವ ರಗಳೆ ಇಮ್ಮಡಿ. ಕೊರೆದಾದ ಮೇಲೆ ಸುಮಾರು 80 ಡಿಗ್ರಿಯ ಒವನ್‌ನಲ್ಲಿ ಕೆಲವು ಗಂಟೆ ಇಟ್ಟು, ನಿಧಾನವಾಗಿ ಆರಿಸಿದರೆ ಒಳಗಿನ ಬಿಗುವು ಇಳಿಯುತ್ತದೆ. ಈ ಹಂತ ಬಿಟ್ಟವರ ಮುಚ್ಚಳಗಳೇ ತಿಂಗಳಲ್ಲಿ ಸೀಳುವುದು. ಒಳಗಿನ ನೀರು ಕಾಣಬೇಕೆಂಬ ಆಸೆ ಇಲ್ಲದಿದ್ದರೆ ಕರಿ ಅಸಿಟಾಲ್ ಪ್ಲಾಸ್ಟಿಕ್ ಹಾಕಿ ಎನ್ನುತ್ತೇನೆ. ಬೆಣ್ಣೆಯಂತೆ ಕೊರೆಸಿಕೊಳ್ಳುತ್ತದೆ, ಬಿರುಕಿನ ಭಯ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬಣ್ಣದ ದೀಪ ಹಾಕಿ ತೋರಿಸುವ ಮೋಹಕ್ಕೆ ಬಿದ್ದವರೇ ಅಕ್ರಿಲಿಕ್ಕಿನ ಹಿಂದೆ ಹೋಗುವುದು. ಅಲ್ಯೂಮಿನಿಯಂ ಮಾತ್ರ ಬೇಡ, ತಾಮ್ರದ ಜೊತೆ ಒಂದೇ ನೀರಿನಲ್ಲಿ ಇದ್ದರೆ ಅದು ತಿಂದುಹೋಗುತ್ತದೆ.

ಪೈಪಿನ ತೂತಿನ ಥ್ರೆಡ್ ನಮ್ಮ ಪ್ಲಂಬರಿಗೂ ಗೊತ್ತಿರುವ ಕಾಲು ಇಂಚಿನ ಬಿಎಸ್‌ಪಿ, ಇಂಚಿಗೆ 19 ಸುತ್ತು. 11.8 ಮಿ.ಮೀ. ಡ್ರಿಲ್, ಆಮೇಲೆ ಟ್ಯಾಪ್, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಆದರೆ ಪ್ಲಂಬರ್ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ನೀರು ತಡೆಯುವುದು ಥ್ರೆಡ್ ಅಲ್ಲ, ಫಿಟಿಂಗಿನ ಕಾಲರ್ ಕೆಳಗಿನ ಪುಟ್ಟ ಓ-ರಿಂಗ್. ಟೆಫ್ಲಾನ್ ಟೇಪ್ ಸುತ್ತಿ ಪಾನಾ ಹಾಕಿ ಜಗ್ಗಿದರೆ ಮುಚ್ಚಳ ಎರಡು ಹೋಳು. ಕೈಯಿಂದ ಬಿಗಿದರೆ ಸಾಕು.

ಇಷ್ಟೆಲ್ಲ ಓದಿದವರು ಇದು ಬೆಂಗಳೂರಿನ ಪೀಣ್ಯದ ಕೆಲಸ ಎಂದುಕೊಳ್ಳಬಹುದು. ಹಾಗೇನಿಲ್ಲ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಎಲ್ಲರ ಬಾಯಲ್ಲಿ ಜಿಟಿಟಿಸಿ, ತನ್ನ ಒಂದು ಕೇಂದ್ರವನ್ನು ನಮ್ಮ ಕೂಡಲಸಂಗಮದಲ್ಲೇ ನಡೆಸುತ್ತಿದೆ. ಕೃಷ್ಣೆ-ಮಲಪ್ರಭೆ ಕೂಡುವ ಊರೆಂದು, ಬಸವಣ್ಣನವರ ಐಕ್ಯಸ್ಥಳವೆಂದು ಹೋಗಿಬರುವ ನಾವು ಅಲ್ಲೊಂದು ಟೂಲ್ ರೂಮ್ ಇದೆಯೆಂಬುದನ್ನು ಗಮನಿಸುವುದು ಕಡಿಮೆ. ಜಿಟಿಟಿಸಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾಕ್ಕೆ ಎಸ್‌ಎಸ್‌ಎಲ್‌ಸಿ ಮುಗಿಸಿದವರು ಸೇರಬಹುದು. ಮೂರು ವರ್ಷ ಕಲಿಕೆ, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಕೈ ಪಳಗಿಸಿಕೊಂಡ ಹುಡುಗ ಹುಡುಗಿಯರಿಗೆ ನಾಲ್ಕು ತೂತು, ಒಂದು ಗಾಡಿಯ ಈ ಮುಚ್ಚಳ ಕಷ್ಟದ ಜಾಬ್ ಏನಲ್ಲ. ಮಗ್ಗ ಮತ್ತು ಗ್ರಾನೈಟ್ ಬಿಟ್ಟರೆ ಈ ಭಾಗದ ಕೈಗಳಿಗೆ ಕೆಲಸವಿಲ್ಲ ಎಂಬ ಮಾತನ್ನು ನಾನು ಒಪ್ಪದಿರಲು ಇದೂ ಒಂದು ಕಾರಣ.

ನೀರಿನ ತಂಪಿಗೆ ಬೇಡಿಕೆಯೂ ಹವ್ಯಾಸಿಗಳಿಗೆ ಸೀಮಿತವಾಗಿ ಉಳಿದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕೆಲಸ ಆರಂಭಿಸಿದ ಪರಮ್ ಪ್ರವೇಗ 3.3 ಪೆಟಾಫ್ಲಾಪ್ ಸಾಮರ್ಥ್ಯದ ಸೂಪರ್ ಕಂಪ್ಯೂಟರ್; ಅದು ಅಟೋಸ್ ಕಂಪನಿಯ ಬುಲ್‌ಸೀಕ್ವಾನಾ ಎಕ್ಸ್‌ಎಚ್2000 ಸರಣಿಯದು. ಆ ಸರಣಿಯ ಯಂತ್ರಗಳಲ್ಲಿ ಪ್ರೊಸೆಸರ್‌ಗೆ ತಾಗಿದ ತಣ್ಣನೆ ತಟ್ಟೆಯೊಳಗೆ ನೇರವಾಗಿ ದ್ರವವೇ ಹರಿಯುತ್ತದೆ. ಕೃತಕ ಬುದ್ಧಿಮತ್ತೆಯ ಚಿಪ್‌ಗಳು ಇನ್ನೂ ಬಿಸಿ, ಡೇಟಾ ಸೆಂಟರ್‌ಗಳು ಗಾಳಿ ಬಿಟ್ಟು ನೀರಿನತ್ತ ವಾಲುತ್ತಿವೆ.

ಮುಚ್ಚಳ ಸಿದ್ಧವಾದ ಮೇಲೆ ಕಂಪ್ಯೂಟರಿಗೆ ಕೂರಿಸುವ ಆತುರ ಬೇಡ. ಕೆಳಗೆ ಬಿಳಿ ಟಿಶ್ಯೂ ಕಾಗದ ಹಾಸಿ, ಬೋರ್ಡಿಗೆ ಕರೆಂಟ್ ಕೊಡದೆ ಪಂಪು ಮಾತ್ರ ಒಂದು ದಿನ ಓಡಿಸಬೇಕು. ಎಲ್ಲ ಸಂದಿಗೂ ಟಾರ್ಚ್ ಬಿಟ್ಟು ನೋಡಬೇಕು. ತುಂಬುವ ನೀರು ಬೋರ್‌ವೆಲ್‌ನದಾದರೆ ನಮ್ಮ ಕಡೆಯ ಗಡಸು ನೀರಿನ ಸುಣ್ಣ ಆ ಸಣ್ಣ ಸೀಳುಗಳನ್ನು ಬೇಗ ಮುಚ್ಚಿಹಾಕುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತನ್ನಿ, ತುಕ್ಕು ಮತ್ತು ಪಾಚಿ ತಡೆಯುವ ದ್ರಾವಣವನ್ನು ಬಾಟಲಿಯ ಮೇಲೆ ಬರೆದ ಅಳತೆಯಲ್ಲಿ ಬೆರೆಸಿ. ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯುವಾಗ ಓ-ರಿಂಗ್ ಚಪ್ಪಟೆಯಾಗಿದ್ದರೆ ಹೊಸದು ಹಾಕಿ.