ಮತದಾರರ ಪಟ್ಟಿಯಲ್ಲಿ ಹೆಸರು: ಘೋಷಾ ಪದ್ಧತಿ ಮತ್ತು ಮುಸ್ಲಿಂ ಸ್ತ್ರೀಯರ ಮತದಾನದ ಹಕ್ಕು

ಸ್ತ್ರೀಯರು ಮತದಾನದ ಹಕ್ಕನ್ನು ಪಡೆದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶಾಸನವು ಜಾರಿಗೆ ಬಂದ ವರ್ಷವನ್ನು ನಮೂದಿಸಿ ಮುಂದೆ ಸಾಗುತ್ತಾರೆ. ಘೋಷಾ ಪದ್ಧತಿಯನ್ನು ಅನುಸರಿಸುತ್ತಿದ್ದ ಮುಸ್ಲಿಂ ಕುಟುಂಬಗಳ ವಿಷಯದಲ್ಲಿ ಈ ಕ್ರಮವು ಸಾಲದು. ಶಾಸನಕ್ಕೂ ಮತಪೆಟ್ಟಿಗೆಗೂ ನಡುವೆ ಪಟ್ಟಿಯಲ್ಲಿ ಹೆಸರು ಬರೆಯಿಸಬೇಕು, ಮತಗಟ್ಟೆಗೆ ನಡೆದು ಬರಬೇಕು, ಅಲ್ಲಿ ತಾನು ಇಂಥವಳೆಂದು ಗುರುತು ಕೊಡಬೇಕು. ಅಡ್ಡಿಯಿದ್ದುದು ಧರ್ಮಶಾಸ್ತ್ರಕ್ಕಿಂತ ಹೆಚ್ಚಾಗಿ ಈ ದಾರಿಯಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಹಳೆಯ ಮೈಸೂರು ಸಂಸ್ಥಾನದ ಚರಿತ್ರೆಯಿಂದಲೇ ಆಧಾರಗಳನ್ನು ತೆಗೆಯಬಹುದು.

1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯಿಡು ಅವರ ಮುಂದಾಳುತನದಲ್ಲಿ ಮದರಾಸಿನಲ್ಲಿ ಭಾರತ ಮಂತ್ರಿ ಮಾಂಟೆಗೂ ಅವರನ್ನು ಕಂಡ ಸ್ತ್ರೀಯರ ನಿಯೋಗದಲ್ಲಿ ಬೇಗಂ ಹಸರತ್ ಮೊಹಾನಿಯವರೂ ಇದ್ದರು. ಆದರೆ ಮತಾಧಿಕಾರದ ವಿಚಾರಣೆಗೆಂದು ನೇಮಕವಾದ ಸೌತ್‌ಬರೋ ಸಮಿತಿಯು 1919ರಲ್ಲಿ ಸ್ತ್ರೀಯರ ಬೇಡಿಕೆಯನ್ನು ತಳ್ಳಿಹಾಕಿತು. ಅಂತಃಪುರದ ಕಟ್ಟು ಸಡಿಲವಾಗುವ ತನಕ ಸ್ತ್ರೀಯರ ಮತವು ನಿಜಸ್ವರೂಪವನ್ನು ಪಡೆಯಲಾರದು ಎಂಬುದು ಅದರ ವಾದದ ಸಾರ. ಘೋಷಾದೊಳಗಿರುವವಳು ಮತಗಟ್ಟೆಗೆ ಬರಲಾರಳೆಂಬ ಕಾರಣದಿಂದ ಹೊರಗೆ ಓಡಾಡುವವಳಿಗೂ ಮತವಿಲ್ಲವೆಂದು ಇದರಿಂದ ತೀರ್ಮಾನವಾಯಿತು! ಆ ವರ್ಷದ ಭಾರತ ಸರ್ಕಾರದ ಶಾಸನವು ಪ್ರಶ್ನೆಯನ್ನು ಪ್ರಾಂತ್ಯಗಳಿಗೆ ಬಿಟ್ಟುಕೊಟ್ಟಿತು. 1921ರಲ್ಲಿ ಮದರಾಸು ಮತ್ತು ಮುಂಬಯಿ ಪ್ರಾಂತ್ಯಗಳ ಶಾಸನಸಭೆಗಳು ಸ್ತ್ರೀಯರ ಪರವಾಗಿ ನಿರ್ಣಯಿಸಿದವು.

ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯು 1881ರಿಂದಲೂ, ನ್ಯಾಯವಿಧಾಯಕ ಸಭೆಯು 1907ರಿಂದಲೂ ನಡೆದುಬಂದಿದ್ದವು. 1923ರ ಶಾಸನಗಳು ಸ್ತ್ರೀ ಎಂಬ ಕಾರಣದಿಂದ ಮತಾಧಿಕಾರಕ್ಕಿದ್ದ ಅನರ್ಹತೆಯನ್ನು ತೆಗೆದುಹಾಕಿದವು. ಆದರೆ ಆಗಿನ ಮತವು ಎಲ್ಲರ ಮತವಾಗಿರಲಿಲ್ಲ; ಮುಖ್ಯವಾಗಿ ಅದು ಕಂದಾಯ, ತೆರಿಗೆ, ಆಸ್ತಿಗಳನ್ನು ಅವಲಂಬಿಸಿತ್ತು. ಆಗ ಬೆಂಗಳೂರು ಜಿಲ್ಲೆಗೆ ಸೇರಿದ್ದ ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯಂತಹ ಹಳ್ಳಿಗಾಡಿನಲ್ಲಿ ಇದರ ಅರ್ಥವೇನು? ಜಮೀನಿನ ಖಾತೆ ಯಾರ ಹೆಸರಿನಲ್ಲಿದೆ, ಕಂದಾಯದ ರಸೀತಿ ಯಾರ ಹೆಸರಿಗೆ ಬರುತ್ತದೆ ಎಂಬುದೇ ಪ್ರಶ್ನೆ. ಮನೆಯ ಯಜಮಾನನ ಹೆಸರಿನಲ್ಲಿ ಖಾತೆಯಿರುವ ತನಕ ಅವನ ಹೆಂಡತಿಗೂ ತಾಯಿಗೂ 1923ರ ಶಾಸನದಿಂದ ಕೈಗೆ ಬಂದುದು ಅತ್ಯಲ್ಪ.

ಇಲ್ಲಿ ವಾಚಕರು ಗಮನಿಸಬೇಕಾದ ಒಂದು ವೈಚಿತ್ರ್ಯವಿದೆ. ಇಸ್ಲಾಮಿನ ಧರ್ಮಶಾಸ್ತ್ರದಂತೆ ಸ್ತ್ರೀಯು ತನ್ನ ಹೆಸರಿನಲ್ಲಿ ಆಸ್ತಿಯನ್ನು ಪಡೆದು ಅನುಭವಿಸಬಲ್ಲಳು. ಮಹರ್ ಅವಳದು; ತಂದೆಯ ಆಸ್ತಿಯಲ್ಲಿ ಗಂಡುಮಕ್ಕಳ ಪಾಲಿನ ಅರ್ಧದಷ್ಟು ಅವಳಿಗೆ ಸಲ್ಲುತ್ತದೆ. ಮದುವೆಯಾದ ಮಾತ್ರಕ್ಕೆ ಆಸ್ತಿಯು ಗಂಡನದಾಗುವುದಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಸ್ತ್ರೀಗೆ ಆಗ ಇಷ್ಟು ಸ್ಪಷ್ಟವಾದ ಪಾಲಿರಲಿಲ್ಲ. ಮೈಸೂರಿನಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳನ್ನು ವಿಸ್ತರಿಸಿದ ಶಾಸನವು ಬಂದುದೇ 1933ರಲ್ಲಿ. ಆದ್ದರಿಂದ ಆಸ್ತಿಯನ್ನು ಆಧರಿಸಿದ ಮತಾಧಿಕಾರದಲ್ಲಿ, ಕಾಗದದ ಮೇಲೆ, ಮುಸ್ಲಿಂ ಸ್ತ್ರೀಯ ಹಕ್ಕು ಅವಳ ನೆರೆಮನೆಯ ಹಿಂದೂ ಸ್ತ್ರೀಯ ಹಕ್ಕಿಗಿಂತ ದುರ್ಬಲವಾಗಿರಲಿಲ್ಲ. ಬಹುಶಃ ಅದಕ್ಕಿಂತ ಬಲವಾಗಿಯೇ ಇತ್ತು. ಸೋದರರಿಗಾಗಿ ಪಾಲನ್ನು ಬಿಟ್ಟುಕೊಡುವ ರೂಢಿ, ಖಾತೆಯನ್ನು ಗಂಡಸರ ಹೆಸರಿನಲ್ಲಿಯೇ ಇಡುವ ರೂಢಿ ಇವು ಆ ಬಲವನ್ನು ಕುಂದಿಸಿದವು. ಈ ರೂಢಿಗಳು ಒಂದು ಮತಕ್ಕೆ ಮಾತ್ರ ಸೇರಿದವಲ್ಲವೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

1935ರ ಭಾರತ ಸರ್ಕಾರದ ಶಾಸನವು ಮುಂಬಯಿ ಮತ್ತು ಮದರಾಸು ಪ್ರಾಂತ್ಯಗಳಿಗೆ ಸೇರಿದ್ದ ಕನ್ನಡ ಜಿಲ್ಲೆಗಳಿಗೆ ಅನ್ವಯಿಸಿತು. ಈ ಎರಡು ಪ್ರಾಂತ್ಯಗಳ ಶಾಸನಸಭೆಗಳಲ್ಲಿಯೂ ಮುಸ್ಲಿಂ ಸ್ತ್ರೀಯರಿಗಾಗಿ ಒಂದೊಂದು ಸ್ಥಾನವನ್ನು ಮೀಸಲಿಟ್ಟಿದ್ದರು. ಅರ್ಹನಾದ ಪುರುಷನ ಹೆಂಡತಿ ಅಥವಾ ವಿಧವೆ ಎಂಬ ಆಧಾರದ ಮೇಲೆಯೂ ಮತವು ದೊರೆಯುವಂತಾಯಿತು. ಮತದಾರರ ಸಂಖ್ಯೆಯೇನೋ ಬೆಳೆಯಿತು. ಆದರೆ ಹೆಂಗಸಿನ ಹೆಸರು ಗಂಡನ ಹೆಸರಿಗೆ ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡಿತು.

ಈ ಕಟ್ಟಿನ ಪರಿಣಾಮವು ಬೆಳಕಿಗೆ ಬಂದುದು ವಯಸ್ಕರೆಲ್ಲರೂ ಮತ ನೀಡಿದ 1951-52ರ ಮಹಾಚುನಾವಣೆಯಲ್ಲಿ. ಪಟ್ಟಿಗಳನ್ನು ಸಿದ್ಧಪಡಿಸುವಾಗ ಅನೇಕ ಸ್ತ್ರೀಯರು ಪರಪುರುಷರಿಗೆ ಹೆಸರು ಹೇಳಲೊಲ್ಲದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಯಿಸಿದರು. ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಹೆಸರಿಲ್ಲದ ನಮೂದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿದರು. ಇವರಲ್ಲಿ ಬಹುಪಾಲು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ ಮೊದಲಾದ ಉತ್ತರದ ಸೀಮೆಗಳವರು, ಎಲ್ಲ ಮತಗಳಿಗೂ ಸೇರಿದವರು. ಸೇನರ ನಿಲುವು ಕಠಿಣವೆಂದು ತೋರಬಹುದು. ಆದರೆ ಗಂಡನ ಹೆಸರಿನ ಮರೆಯಲ್ಲಿಯೇ ಅವರನ್ನು ಪಟ್ಟಿಗೆ ಸೇರಿಸಿಕೊಂಡಿದ್ದರೆ ಆ ಮರೆಯು ಇನ್ನೂ ಬಹುಕಾಲ ಉಳಿಯುತ್ತಿತ್ತೆಂದು ನಾವು ಎಣಿಸುತ್ತೇವೆ.

ಹೆಸರಿನ ವಿಷಯದಲ್ಲಿ ಬಿಗಿಯಾದ ಆಯೋಗವು ಮತಗಟ್ಟೆಯ ವಿಷಯದಲ್ಲಿ ಉದಾರವಾಗಿ ನಡೆದುಕೊಂಡಿತು. ಆ ಚುನಾವಣೆಯಲ್ಲಿ 27,527 ಮತಗಟ್ಟೆಗಳನ್ನು ಸ್ತ್ರೀಯರಿಗೆಂದೇ ಮೀಸಲಿಟ್ಟಿದ್ದರು. ಈ ಏರ್ಪಾಡನ್ನು ಅರಿಯಲು ನಮ್ಮ ಬೆಂಗಳೂರು ದಂಡಿನಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಟರ ದಾನದಿಂದ ಸ್ಥಾಪಿತವಾದ ಘೋಷಾ ಆಸ್ಪತ್ರೆಯನ್ನು ನೆನೆಯಬಹುದು. ಸ್ತ್ರೀಯರು ಘೋಷಾವನ್ನು ತೊರೆದ ಮೇಲೆ ಚಿಕಿತ್ಸೆ ಎನ್ನದೆ, ಘೋಷಾದಲ್ಲಿರುವವರಿಗೂ ಚಿಕಿತ್ಸೆ ದೊರೆಯುವಂತೆ ಆಸ್ಪತ್ರೆಯನ್ನೇ ಅವರಿಗೆ ಹೊಂದಿಸಿದರು. ಸ್ತ್ರೀಯರ ಮತಗಟ್ಟೆಯಲ್ಲಿಯೂ ಇದೇ ಉಪಾಯ. ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯೂ ಹೀಗೆಯೇ ಅನುಕೂಲವಾಯಿತೆನ್ನಬಹುದು: ಮತ ನೀಡಿದವಳು ಮತ್ತೆ ಬಂದಳೇ ಎಂದು ತಿಳಿಯಲು ಮುಖವನ್ನು ನೋಡಬೇಕಾಗಿಲ್ಲ, ಬೆರಳು ಸಾಕು. 1962ರಿಂದೀಚೆಗೆ ಈ ಶಾಯಿಯು ತಯಾರಾಗುತ್ತಿರುವುದು ಮೈಸೂರಿನಲ್ಲಿ.

ಸಾರ್ವತ್ರಿಕ ಮತದಾನವನ್ನೇ ಕಾಣದಿದ್ದ ನಿಜಾಮರ ಸಂಸ್ಥಾನದಲ್ಲಿ ಬದಲಾವಣೆಯು ಇನ್ನೂ ತೀವ್ರವಾಗಿತ್ತು. ಹೈದರಾಬಾದು ನಗರದ ಶಾಲಿಬಂಡಾ ಕ್ಷೇತ್ರದಿಂದ 1952ರಲ್ಲಿ ಮಾಸೂಮಾ ಬೇಗಂ ಆಯ್ಕೆಯಾದರು. ಗುಲ್ಬರ್ಗ, ಬೀದರ್, ರಾಯಚೂರುಗಳ ಪ್ರತಿನಿಧಿಗಳು ಕುಳಿತಿದ್ದುದೂ ಅದೇ ವಿಧಾನಸಭೆಯಲ್ಲಿ. ಮುಂದೆ ಅವರು ಆಂಧ್ರ ಪ್ರದೇಶದಲ್ಲಿ ಮಂತ್ರಿಗಳೂ ಆದರು. ಗುಲ್ಬರ್ಗ ಉತ್ತರ ಕ್ಷೇತ್ರದಿಂದ ಕನೀಜ್ ಫಾತಿಮಾ ಅವರು 2018ರಲ್ಲಿಯೂ 2023ರಲ್ಲಿಯೂ ಕರ್ನಾಟಕ ವಿಧಾನಸಭೆಗೆ ಗೆದ್ದು ಬಂದರು. ಈ ಎರಡು ಕಾಲಗಳ ನಡುವಣ ಅಂತರವನ್ನು ನೋಡಿದರೆ ಮತ ಕೊಡುವ ಹಕ್ಕು ಬೇಗ ಬಂದಂತೆ ಮತ ಪಡೆಯುವ ಅವಕಾಶವು ಬರಲಿಲ್ಲವೆಂಬುದು ಸ್ಪಷ್ಟ.

ಕರಾವಳಿಯ ಕನ್ನಡಿಗರು ಅನೇಕರು ದುಡಿಯುತ್ತಿರುವ ಕುವೈತಿನಲ್ಲಿ ಈ ಚರಿತ್ರೆ ತಿರುವುಮುರುವಾಗಿ ನಡೆಯಿತು. ಅಲ್ಲಿ ಸ್ತ್ರೀಯರು ವಿದ್ಯೆ, ಉದ್ಯೋಗಗಳಲ್ಲಿ ಬಹಳ ಮುಂದೆ ಬಂದಿದ್ದರೂ ಮತವಿರಲಿಲ್ಲ. 1999ರಲ್ಲಿ ಅಮೀರರು ಹೊರಡಿಸಿದ ಆಜ್ಞೆಯನ್ನು ಶಾಸನಸಭೆಯೇ ತಳ್ಳಿಹಾಕಿತು. 2005ರ ಮೇ ತಿಂಗಳಲ್ಲಿ ಅದೇ ಸಭೆಯು ಹಕ್ಕನ್ನು ಒಪ್ಪಿತು. 2006ರಲ್ಲಿ ಸ್ತ್ರೀಯರು ಪ್ರತ್ಯೇಕ ಮತಗಟ್ಟೆಗಳಲ್ಲಿ ಮತ ನೀಡಿದರು. 2009ರಲ್ಲಿ ನಾಲ್ವರು ಸ್ತ್ರೀಯರು ಸದಸ್ಯರಾದರು. ಧರ್ಮದ ಹೆಸರಿನಲ್ಲಿ ನಡೆದ ವಾದವು ಕಡೆಗೆ ಪ್ರತ್ಯೇಕ ಬಾಗಿಲೊಂದರ ಏರ್ಪಾಡಿಗೆ ಬಂದು ನಿಂತಿತು.

ಗುರುತಿನ ಪ್ರಶ್ನೆಯಾದರೋ ನಮ್ಮಲ್ಲಿ ಭಾವಚಿತ್ರದ ಮೂಲಕ ಮರಳಿ ಬಂದಿತು. ಹೆಸರಿನಲ್ಲಿ ನಮ್ಮ ಮಧುರೆಯನ್ನೇ ಹೋಲುವ ತಮಿಳುನಾಡಿನ ಮಧುರೆಯ ಕ್ಷೇತ್ರವೊಂದರಲ್ಲಿ, ಪಟ್ಟಿಯಲ್ಲಿ ಸ್ತ್ರೀಯರ ಭಾವಚಿತ್ರವನ್ನು ಅಚ್ಚುಹಾಕುವುದು ಘೋಷಾಕ್ಕೆ ವಿರುದ್ಧವೆಂಬ ದಾವೆಯು 2006ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಮುಂದೆ ಬಂದಿತು; ಅಲ್ಲಿ ಅದು ಗೆಲ್ಲಲಿಲ್ಲ. 2010ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ವಾದವನ್ನು ಪುರಸ್ಕರಿಸಲಿಲ್ಲ. ಆದರೆ ಮುಖ ತೋರಿಸಬೇಕಾದುದು ಯಾರಿಗೆ ಎಂಬುದು ಬೇರೆ ಮಾತು. 1961ರ ಚುನಾವಣಾ ನಿಯಮಗಳು ಸ್ತ್ರೀಯರ ಸರತಿಯನ್ನು ಬೇರೆ ಮಾಡಲು, ಅವರ ನೆರವಿಗೆ ಮತಗಟ್ಟೆಯಲ್ಲಿ ಒಬ್ಬ ಹೆಂಗಸನ್ನು ನೇಮಿಸಲು ಅವಕಾಶವನ್ನು ಕೊಟ್ಟಿವೆ. ಬುರ್ಖಾ ಧರಿಸಿ ಬಂದವಳು ಆ ಮತಗಟ್ಟೆಯ ಹೆಂಗಸಿನ ಎದುರಿಗೆ ಮರೆಯಲ್ಲಿ ಮುಸುಕನ್ನು ಸರಿಸಿ, ಪಟ್ಟಿಯಲ್ಲಿರುವ ತನ್ನ ಹೆಸರನ್ನು ಹೇಳಿ, ಬೆರಳನ್ನು ಮುಂದೆ ಚಾಚಬಹುದು.