ತೆರಿಗೆ ವಿನಾಯಿತಿ ಮತ್ತು ಒಂದು ರೇಸ್ ಕಾರು

ಮೋಟಾರು ರೇಸಿನ ಇತಿಹಾಸದಲ್ಲಿ ಬ್ರಿಟನ್ನಿನ ಲೋಟಸ್ ಸಂಸ್ಥೆಯ ಹೆಸರು ದೊಡ್ಡದು. ಅದರ ಸ್ಥಾಪಕ ಕಾಲಿನ್ ಚಾಪ್‌ಮನ್ 1957ರಲ್ಲಿ ‘ಲೋಟಸ್ ಸೆವೆನ್’ ಎಂಬ ಹಗುರ ಕಾರನ್ನು ಹೊರತಂದರು. ಬಿಡಿಭಾಗಗಳನ್ನು ಕೊಂಡು ಗ್ರಾಹಕರೇ ಜೋಡಿಸಿಕೊಂಡರೆ ಅಂದಿನ ಖರೀದಿ ತೆರಿಗೆ ಉಳಿಯುತ್ತಿತ್ತು. ಸಾಧಾರಣ ಆದಾಯದವರೂ ರೇಸಿಗಿಳಿಯಲು ಇದು ನೆರವಾಯಿತು.

1973ರ ಏಪ್ರಿಲ್‌ನಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಯಾಗಿ ಈ ಅನುಕೂಲ ಕೊನೆಗೊಂಡಿತು. ಅದೇ ವರ್ಷ ಲೋಟಸ್ ಈ ಕಾರಿನ ಹಕ್ಕನ್ನು ತನ್ನ ಮಾರಾಟಗಾರ ಸಂಸ್ಥೆಯಾದ ಕೇಟರ್‌ಹ್ಯಾಮ್‌ಗೆ ಬಿಟ್ಟುಕೊಟ್ಟಿತು. ಕೇಟರ್‌ಹ್ಯಾಮ್ ಇಂದಿಗೂ ಅದನ್ನು ತಯಾರಿಸುತ್ತಿದೆ. ವಿನಾಯಿತಿ ಹೋದರೂ, ಕಡಿಮೆ ತೂಕ ಹಾಗೂ ಚುರುಕು ಚಾಲನೆಯನ್ನು ಮೆಚ್ಚಿ ಕೊಳ್ಳುವವರು ಉಳಿದರು.

ಬಿಡದಿಯ ಉದ್ಯಮಿಗಳಿಗೆ ಈ ಪ್ರಸಂಗ ಅಪರಿಚಿತವೆನಿಸದು. 1999ರ ಡಿಸೆಂಬರಿನಲ್ಲಿ ಟೊಯೋಟ ಕಿರ್ಲೋಸ್ಕರ್ ಉತ್ಪಾದನೆ ಆರಂಭಿಸಿದ ಬಳಿಕ ಇಲ್ಲಿ ಬಿಡಿಭಾಗ ತಯಾರಕರು ನೆಲೆಗೊಂಡರು. ಜಿಎಸ್‌ಟಿಗೆ ಮುನ್ನ ಅರ್ಹ ಸಣ್ಣ ಘಟಕಗಳಿಗೆ ವಾರ್ಷಿಕ ರೂ. 1.5 ಕೋಟಿವರೆಗಿನ ಸರಕಿನ ಮೇಲೆ ಕೇಂದ್ರ ಅಬಕಾರಿ ಸುಂಕದ ವಿನಾಯಿತಿಯಿತ್ತು. 2017ರ ಜುಲೈ 1ರಂದು ಅದು ಇಲ್ಲವಾಗಿ, ನೋಂದಣಿ ಮಿತಿ ರೂ. 20 ಲಕ್ಷಕ್ಕೆ ನಿಗದಿಯಾಯಿತು. 2019ರ ಏಪ್ರಿಲ್‌ನಿಂದ ಸರಕುಗಳಿಗೆ ಅದು ರೂ. 40 ಲಕ್ಷವಾಯಿತು.

ದೊರೆತ ರಿಯಾಯಿತಿಯನ್ನು ಬಳಸಿಕೊಳ್ಳುವುದು ಜಾಣತನವೇ ಸರಿ. ಆದರೆ ಅದನ್ನು ಹೊರತುಪಡಿಸಿ ಲೆಕ್ಕಹಾಕಿದಾಗಲೂ ಲಾಭ ಉಳಿಯುವುದೇ ಎಂಬುದನ್ನು ಪ್ರತಿ ವರ್ಷ ಪರೀಕ್ಷಿಸಿಕೊಳ್ಳುವುದು ಕ್ಷೇಮಕರ.