ದಾರಿಯಲ್ಲಿ ಎಂಜಿನ್ ಕಾದರೆ

ರಾಯದುರ್ಗ, ಬಳ್ಳಾರಿಗಳ ನಡುವೆ ಗಡಿಯ ಅಂಚಿನಲ್ಲಿರುವ ಊರು ಓಬಳಾಪುರ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ, ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲ್ಲೂಕು ಆಂಧ್ರಕ್ಕೂ ಬಳ್ಳಾರಿಯು ಮೈಸೂರಿಗೂ ಸೇರಿದವು. ಆದರೆ ನಂಟಸ್ತಿಕೆ ಎರಡು ಕಡೆಯೂ ಹಾಗೆಯೇ ಉಳಿಯಿತು. ಆದುದರಿಂದ ಮದುವೆಯ ಕಾಲದಲ್ಲಿ ಈ ದಾರಿಯಲ್ಲಿ ನಮ್ಮವರ ಓಡಾಟ ಹೆಚ್ಚು. ಮದುವೆಯ ಕಾಲವೆಂದರೆ ವೈಶಾಖದ ಕಡುಬೇಸಿಗೆ.

ಇಂತಹ ಒಂದು ಮದುವೆಗೆ ಹೊರಟಿದ್ದಾಗ ಓಬಳಾಪುರದ ಸಮೀಪದಲ್ಲಿ ನಮ್ಮ ಕಾರಿನ ಶಾಖಮಾಪಕದ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಬಾನೆಟ್ ಎತ್ತಿದೊಡನೆ ಜೊತೆಯಲ್ಲಿದ್ದ ಹುಡುಗನು ಒದ್ದೆ ಬಟ್ಟೆ ಹಿಡಿದು ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಿದ. ಪಕ್ಕದ ಹೊಲದಲ್ಲಿದ್ದ ಹಿರಿಯರೊಬ್ಬರು, "ಮುಟ್ಟಬ್ಯಾಡ ತಮ್ಮಾ! ಮುಖ ಸುಟ್ಕೊಂತೀಯ!" ಎಂದು ಕೂಗುತ್ತ ಓಡಿಬಂದರು. ಹಿಂದೆ ಲಾರಿ ಓಡಿಸಿದವರು ಅವರು. ತಮ್ಮ ಮುಂಗೈಯ ಮೇಲಿದ್ದ ಹಳೆಯ ಸುಟ್ಟ ಕಲೆಯನ್ನು ತೋರಿಸಿದರು. ಹುಡುಗನು ಕೈ ಹಿಂದಕ್ಕೆ ತೆಗೆದುಕೊಂಡ.

ಅವರ ಮಾತಿಗೆ ಕಾರಣವಿದೆ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ಸಿಗೆ ಕುದಿಯುತ್ತದೆ. ರೇಡಿಯೇಟರಿನ ಬಿಗಿ ಮುಚ್ಚಳವು ಒಳಗಿನ ಒತ್ತಡವನ್ನು ಹೆಚ್ಚಿಸುವುದರಿಂದ, ಅಲ್ಲಿ ಸುಮಾರು 120 ಡಿಗ್ರಿಯವರೆಗೂ ನೀರು ಕುದಿಯದೆ ಇರಬಲ್ಲದು. ಮುಚ್ಚಳ ತೆಗೆದೊಡನೆ ಒತ್ತಡ ಇಳಿಯುತ್ತದೆ. ಆ ಕ್ಷಣವೇ ನೀರು ಆವಿಯಾಗಿ ಸಿಡಿಯುತ್ತದೆ. ಒದ್ದೆ ಬಟ್ಟೆ ಅದನ್ನು ತಡೆಯಲಾರದು.

ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲನ್ನು ಈ ನೀರೇ ಹೊತ್ತು ಹೊರಹಾಕಬೇಕು. ಮೋಟಾರು ಕಾರು ಹುಟ್ಟಿದಂದಿನಿಂದಲೂ ಈ ತೊಂದರೆ ಇದೆ. 1888ರಲ್ಲಿ ಜರ್ಮನಿಯ ಬೆರ್ಥಾ ಬೆಂಜ್ ಎಂಬಾಕೆ ತನ್ನ ಇಬ್ಬರು ಗಂಡುಮಕ್ಕಳೊಡನೆ, ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ಮೂರು ಚಕ್ರದ ಬಂಡಿಯಲ್ಲಿ ಮನ್‌ಹೈಮಿನಿಂದ ಪ್ಫೋರ್ಟ್ಸ್‌ಹೈಮಿಗೆ, ಸುಮಾರು 100 ಕಿಲೋಮೀಟರು, ಪ್ರಯಾಣ ಮಾಡಿದಳು. ಆ ಬಂಡಿಯಲ್ಲಿ ನೀರು ಆವಿಯಾಗಿ ಹೋಗಿಬಿಡುತ್ತಿತ್ತು. ಸಿಕ್ಕ ಸಿಕ್ಕಲ್ಲಿ ನೀರು ತುಂಬಿಸಿಕೊಳ್ಳುತ್ತ ಆಕೆ ಊರು ಸೇರಿದಳು.

ಇಂದಿನ ಕಾರಿನಲ್ಲಿ ಮುಳ್ಳು ಏರಿದರೆ, ಅಥವಾ ಮುಳ್ಳಿಲ್ಲದ ಕಾರಿನಲ್ಲಿ ಕೆಂಪು ದೀಪ ಹತ್ತಿದರೆ, ಮೊದಲು ಏರ್‌ಕಂಡಿಷನರನ್ನು ನಿಲ್ಲಿಸಬೇಕು. ಬೇಗನೆ ಸುರಕ್ಷಿತ ಸ್ಥಳ ನೋಡಿ ಕಾರನ್ನೂ ಎಂಜಿನ್ನನ್ನೂ ನಿಲ್ಲಿಸಬೇಕು. ಅರ್ಧ ಗಂಟೆಯಾದರೂ ಕಾಯಬೇಕು. ಎಂಜಿನ್ ನಿಂತ ಮೇಲೂ ವಿದ್ಯುತ್ ಫ್ಯಾನ್ ತಾನಾಗಿಯೇ ತಿರುಗುವುದುಂಟು. ಅದರ ಬಳಿ ಕೈ ಸುಳಿಯಬಾರದು. ಪೂರ್ತಿ ತಣಿದ ಮೇಲೆಯೇ ನೀರು ಹಾಕಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹವು ಬಿರಿಯಬಹುದು.

ಹಿರಿಯರು ಆ ದಿನ ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: "ನಿಂತಾಗ ಕಾಯ್ತದೋ, ಓಡುವಾಗ ಕಾಯ್ತದೋ?" ಈ ಪ್ರಶ್ನೆಗೆ ಉತ್ತರ ತಿಳಿದರೆ ಅರ್ಧ ರೋಗ ತಿಳಿದಂತೆಯೇ.

ರೈಲ್ವೆ ಗೇಟಿನಲ್ಲಿ ನಿಂತಾಗ ಕಾದು, ಓಡಲಾರಂಭಿಸಿದೊಡನೆ ತಣಿದರೆ ದೋಷವು ಬಹುಶಃ ಫ್ಯಾನಿನದು. ಅದರ ಫ್ಯೂಸ್, ರಿಲೇ, ಮೋಟಾರುಗಳನ್ನು ನೋಡಬೇಕು. ಹಳೆಯ ಕಾರಾದರೆ ಬೆಲ್ಟ್ ಸಡಿಲವಾಗಿದೆಯೇ ಎಂದು ನೋಡಬೇಕು. ಓಡುವಾಗ, ಅದರಲ್ಲೂ ಏರಿನಲ್ಲಿ ಕಾದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ನೀರು ಕಡಿಮೆಯಾಗಿರಬಹುದು, ಇಲ್ಲವೆ ವಾಟರ್ ಪಂಪ್ ಸೋತಿರಬಹುದು. ಹೊರಟ ಕೆಲವೇ ನಿಮಿಷಗಳಲ್ಲಿ ಎಂಜಿನ್ ಕಾದು, ರೇಡಿಯೇಟರ್ ಮಾತ್ರ ತಣ್ಣಗಿದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದಿರುವ ಸಂಭವವಿದೆ. ಎಂಜಿನ್ ಹದವಾಗಿ ಬಿಸಿಯಾದಾಗ ನೀರಿಗೆ ದಾರಿ ಬಿಡುವ ಬಾಗಿಲು ಅದು.

ಹೊರಗೆ ಸೋರಿಕೆ ಕಾಣದೆ ನೀರು ದಿನದಿನಕ್ಕೆ ಕಡಿಮೆಯಾಗುತ್ತಿದ್ದರೆ, ಹೊಗೆಕೊಳವೆಯಿಂದ ದಟ್ಟ ಬಿಳಿ ಹೊಗೆ ಬಂದರೆ, ಎಣ್ಣೆಯು ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ಶಂಕಿಸಬೇಕು. ಅಂತಹ ಕಾರನ್ನು ಓಡಿಸದೆ ಎಳೆಸಿಕೊಂಡು ಹೋಗುವುದೇ ಲೇಸು. ಏರಿದ ಮುಳ್ಳು ತಟ್ಟನೆ ಕೆಳಗಿಳಿದರೂ ಹಿಗ್ಗಬಾರದು. ನೀರೆಲ್ಲ ಬರಿದಾಗಿ, ಶಾಖ ಅಳೆಯುವ ಸೆನ್ಸರಿಗೆ ನೀರು ತಾಗದಿದ್ದರೂ ಮುಳ್ಳು ಹೀಗೆ ಸುಳ್ಳು ಹೇಳುವುದುಂಟು.

ನಮ್ಮ ಕಾರು ಓಡುವಾಗಲೇ ಕಾದಿತ್ತು. ಬಳ್ಳಾರಿಯಲ್ಲಿ ಮೆಕ್ಯಾನಿಕ್ ರೇಡಿಯೇಟರನ್ನು ಬಿಚ್ಚಿದಾಗ, ಒಳಗಿನ ಸಣ್ಣ ಕೊಳವೆಗಳಲ್ಲಿ ಬಿಳಿಯ ಪದರ ಕಟ್ಟಿತ್ತು. ತಪ್ಪು ನಮ್ಮದೇ. ಮನೆಯ ಕೊಳವೆಬಾವಿಯ ನೀರನ್ನು ವರ್ಷಗಟ್ಟಲೆ ಅದಕ್ಕೆ ಸುರಿಯುತ್ತ ಬಂದಿದ್ದೆವು. ಬಚ್ಚಲುಮನೆಯ ಹಂಡೆಯ ತಳದಲ್ಲಿ ಕಟ್ಟುವ ಪದರವನ್ನು ನಮ್ಮ ಸೀಮೆಯ ಗೃಹಿಣಿಯರೆಲ್ಲ ಬಲ್ಲರು. ಗಡಸು ನೀರು ರೇಡಿಯೇಟರಿನಲ್ಲಿ ಮಾಡುವ ಕೆಲಸವೂ ಅದೇ.

ಆದುದರಿಂದ ಕಾರಿಗೆ ಹೇಳಿದ ಕೂಲೆಂಟ್ ದ್ರವವನ್ನೇ ಹಾಕಬೇಕು. ಸಿದ್ಧವಾಗಿ ಬರುವುದನ್ನು ಹಾಗೆಯೇ ಬಳಸಬೇಕು. ಗಾಢವಾದುದನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಡಿಸ್ಟಿಲ್ಡ್ ವಾಟರಿನೊಡನೆ ಬೆರೆಸಬೇಕು. ನಡುದಾರಿಯಲ್ಲಿ ಬೇರೆ ಗತಿಯಿಲ್ಲದಾಗ ಸಾದಾ ನೀರು ಹಾಕಬಹುದು, ಆದರೆ ಊರು ಸೇರಿದೊಡನೆ ಬದಲಿಸಬೇಕು. ಸಾಮಾನ್ಯ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ಮಕ್ಕಳಿಗೂ ನಾಯಿ, ದನಗಳಿಗೂ ಎಟುಕದಂತೆ ಇಡಬೇಕು.

ಪ್ರಯಾಣದ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಕೂಲೆಂಟ್ ಬಾಟಲಿಯಲ್ಲಿ ದ್ರವವು ಎರಡು ಗೆರೆಗಳ ನಡುವೆ ಇದೆಯೇ, ರಬ್ಬರು ಪೈಪುಗಳು ಬಿರಿದಿವೆಯೇ ಎಂದು ನೋಡಲು ಐದು ನಿಮಿಷ ಸಾಕು. ಆದರೂ ದಾರಿಯಲ್ಲಿ ಮುಳ್ಳು ಏರಿದರೆ ಅವಸರ ಬೇಡ. ಮುಹೂರ್ತಕ್ಕೆ ತಡವಾಗಿ ಬಂದವರನ್ನು ಬೀಗರು ಮನ್ನಿಸುತ್ತಾರೆ. ಮುಖಕ್ಕೆ ಸಿಡಿದ ಕುದಿನೀರು ಯಾರನ್ನೂ ಮನ್ನಿಸುವುದಿಲ್ಲ.